ಬೇಲಿಯಿಲ್ಲದ ಅಂಗಳ, ಹಗ್ಗವಿಲ್ಲದ ನಾಯಿ: ಮಲೆನಾಡಿನ ಒಂಟಿಮನೆಗಳವರಿಗೆ ಒಂದು ಬಹಿರಂಗ ಪತ್ರ



ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಕೊಡಗು ಜಿಲ್ಲೆಗಳ ಮಳೆಸೀಮೆಯಲ್ಲಿ ತೋಟದ ನಡುವೆಯೋ ಕಾಡಿನ ಅಂಚಿನಲ್ಲಿಯೋ ಒಂಟಿಮನೆ ಕಟ್ಟಿಕೊಂಡು ಬದುಕುತ್ತಿರುವ, ಅಂಗಳದಲ್ಲಿ ಒಂದೋ ಎರಡೋ ನಾಯಿಗಳನ್ನು ಕಟ್ಟದೆ ಸಾಕಿಕೊಂಡಿರುವ ಕುಟುಂಬಗಳನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯಲಾಗಿದೆ. ಬೀದಿನಾಯಿಗಳನ್ನು ಕುರಿತು 2025ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆದ ವಿಚಾರಣೆಯು ದೇಶದ ಉದ್ದಗಲಕ್ಕೂ ವಾದ-ಪ್ರತಿವಾದಗಳನ್ನು ಎಬ್ಬಿಸಿತಾದರೂ, ಆ ಚರ್ಚೆ ಬಹುಮಟ್ಟಿಗೆ ನಗರದ ಬೀದಿಯನ್ನೇ ಕಣ್ಣಮುಂದಿಟ್ಟುಕೊಂಡು ನಡೆಯಿತು. ಯಜಮಾನನಿದ್ದೂ ಹಗ್ಗವಿಲ್ಲದ, ಮನೆಯಿದ್ದೂ ಬೇಲಿಯಿಲ್ಲದ ಹಳ್ಳಿಯ ನಾಯಿಯ ಪ್ರಶ್ನೆ ಅದರೊಳಗೆ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಆ ನಾಯಿ ಬೀದಿನಾಯಿಯಲ್ಲ, ಏಕೆಂದರೆ ಅದಕ್ಕೆ ಹೆಸರಿದೆ, ಹೊತ್ತುಹೊತ್ತಿಗೆ ಅನ್ನ ಹಾಕುವವರಿದ್ದಾರೆ. ಪಟ್ಟಣದ ಅರ್ಥದಲ್ಲಿ ಸಾಕುನಾಯಿಯೂ ಅಲ್ಲ, ಏಕೆಂದರೆ ದಿನದ ಬಹುಭಾಗ ಅದು ಎಲ್ಲಿರುತ್ತದೆಂಬುದು ಅನ್ನ ಹಾಕುವವರಿಗೇ ತಿಳಿದಿರುವುದಿಲ್ಲ.

ಮಲೆನಾಡಿನ ಮನೆಗೆ ಬೇಲಿಯೇ ಇಲ್ಲವೆಂದು ಹೇಳಿದರೆ ಅದು ಪೂರ್ತಿ ಸರಿಯಾಗುವುದಿಲ್ಲ. ತೋಟದ ಸುತ್ತ ಅಗಳು ಇರುತ್ತದೆ, ಗದ್ದೆಗೆ ಮುಳ್ಳಿನ ಬೇಲಿ ಇರುತ್ತದೆ, ದಾರಿ ಒಳಗೆ ಬರುವ ಜಾಗದಲ್ಲಿ ದಣಪೆಯೋ ಉಣುಗೋಲೋ, ಅಂದರೆ ಎರಡು ಕಂಬಗಳ ತೂತುಗಳಿಗೆ ಅಡ್ಡಲಾಗಿ ಸರಿಸಿಡುವ ಗಳುಗಳ ಏರ್ಪಾಡು ಇರುತ್ತದೆ. ಆದರೆ ಇವೆಲ್ಲವೂ ದನವನ್ನು ಲೆಕ್ಕದಲ್ಲಿಟ್ಟುಕೊಂಡು ಆದವು. ಕೆಳಗಿನ ಗಳುವಿನ ಅಡಿಯಲ್ಲಿ ನುಸುಳಿಹೋಗುವ ನಾಯಿಯನ್ನು ತಡೆಯಬೇಕೆಂದು ಯಾರೂ ಎಂದೂ ಯೋಚಿಸಿದಂತಿಲ್ಲ. ಇದಲ್ಲದೆ ಭೂಮಿಯ ಒಡೆತನವೂ ಇಲ್ಲಿ ಪದರಪದರವಾಗಿದೆ. ಉತ್ತರ ಕನ್ನಡದ ಘಟ್ಟದ ಮೇಲೆ ಪಹಣಿಯಲ್ಲಿ ಹೆಸರಿರುವ ತೋಟ ಮುಗಿಯುತ್ತಿದ್ದಂತೆ ಸೊಪ್ಪಿನ ಬೆಟ್ಟ ಆರಂಭವಾಗುತ್ತದೆ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪು ಮತ್ತು ದರಕು ತರುವ ಸವಲತ್ತನ್ನು ಕೃಷಿಕನಿಗೆ ಕೊಟ್ಟಿದ್ದರೂ ಆ ನೆಲ ಸರ್ಕಾರದ್ದು. ಕೊಡಗಿನ ಬಾಣೆಯೂ ದಕ್ಷಿಣ ಕನ್ನಡದ ಕುಮ್ಕಿಯೂ ತಂತಮ್ಮ ರೀತಿಯಲ್ಲಿ ಇಂಥ ನಡುವಣ ನೆಲಗಳೇ. ಬೆಟ್ಟದಾಚೆಗೆ ಮೀಸಲು ಅರಣ್ಯ. ಹೀಗಿರುವಾಗ ‘ನಾಯಿಯನ್ನು ಬಿಟ್ಟಿರುವುದು ಸ್ವಂತ ಜಾಗದಲ್ಲಿ’ ಎಂಬ ಮಾತಿಗೆ ಕಂದಾಯ ಇಲಾಖೆಯ ನಕ್ಷೆಯಲ್ಲಿ ಒಂದು ಅರ್ಥವಿರಬಹುದು. ನಾಯಿಯ ಮಟ್ಟಿಗೆ ಅದಕ್ಕೆ ಅರ್ಥವೇ ಇಲ್ಲ.

ನಾಯಿಗೆ ಜಾಗದ ಅರಿವೇ ಇಲ್ಲವೆಂದು ಇದರ ತಾತ್ಪರ್ಯವಲ್ಲ. ಅದು ತನ್ನ ಸೀಮೆಯನ್ನು ವಾಸನೆಯಿಂದ, ಆಹಾರ ಸಿಗುವ ಸ್ಥಳಗಳಿಂದ, ನೆರೆಮನೆಯ ನಾಯಿಯ ಪ್ರತಿರೋಧದಿಂದ, ಎಲ್ಲಕ್ಕಿಂತ ಹೆಚ್ಚಾಗಿ ಮನೆಯವರ ಓಡಾಟದಿಂದ ಗುರುತಿಸಿಕೊಳ್ಳುತ್ತದೆ. ಯಜಮಾನ ದಿನವೂ ಬೆಟ್ಟದ ತುದಿಯ ನೀರಿನ ತಲೆಗೆ ಹೋಗಿಬರುವವನಾದರೆ ನಾಯಿಯ ಸೀಮೆ ಅಲ್ಲಿಯವರೆಗೆ ಬೆಳೆಯುತ್ತದೆ, ಹಾಲಿನ ಡೇರಿಗೆ ಹಿಂಬಾಲಿಸಿಕೊಂಡು ಹೋಗಿ ಅಭ್ಯಾಸವಾಗಿದ್ದರೆ ಊರ ರಸ್ತೆಯೂ ಅದರದೇ ಆಗುತ್ತದೆ. ಈ ಸೀಮೆ ಹೊತ್ತಿನಿಂದ ಹೊತ್ತಿಗೂ ಬದಲಾಗುತ್ತದೆ. ಹಗಲಿನಲ್ಲಿ ಜಗುಲಿಯ ಕೆಳಗೆ ಬಿದ್ದುಕೊಂಡಿರುವ ನಾಯಿ ಮನೆಯ ದೀಪ ಆರಿದ ಮೇಲೆ ಎರಡು ಗುಡ್ಡ ದಾಟಿ ಹೋಗಿ ಬೆಳಗಿನ ಕಾಫಿಯ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಬಂದು ಮಲಗಿರುವುದುಂಟು. ಆದುದರಿಂದ ಈ ಪತ್ರದ ಮುಖ್ಯ ವಾದವೇನೆಂದರೆ, ಬೇಲಿಯಿಲ್ಲದ ನೆಲದಲ್ಲಿ ನಾಯಿಗೆ ಕೊಡುವ ಬಿಡುಗಡೆಯನ್ನು ಜಮೀನಿನ ವಿಸ್ತೀರ್ಣದಿಂದ ಅಳೆಯದೆ, ಅದನ್ನು ಕರೆದರೆ ಓಗೊಟ್ಟು ಬರುವಷ್ಟು ಹತ್ತಿರದಲ್ಲಿ ಮನೆಯವರು ಯಾರಾದರೂ ಇದ್ದಾರೆಯೇ ಎಂಬುದರಿಂದ ಅಳೆಯಬೇಕು. ಐವತ್ತು ಎಕರೆ ಕಾಫಿ ತೋಟವಿದ್ದರೂ ಯಾರೂ ಎಚ್ಚರವಿಲ್ಲದ ಹೊತ್ತಿನಲ್ಲಿ ಅದು ಸಾಲದು. ಅರ್ಧ ಎಕರೆಯಲ್ಲಿ ಕೆಲಸ ಮಾಡುತ್ತಿರುವವರ ಕಣ್ಣಳತೆಯಲ್ಲಿದ್ದರೆ ಅಷ್ಟೇ ಸಾಕು.

ನಾಯಿಯನ್ನು ಬಿಟ್ಟು ಸಾಕುವುದಕ್ಕೆ ಇರುವ ಕಾರಣಗಳನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಎಳೆ ಅಡಿಕೆಯನ್ನೂ ಬಾಳೆಯನ್ನೂ ಏಲಕ್ಕಿಯನ್ನೂ ಹಾಳುಮಾಡುವ ಮಂಗಗಳ ಹಿಂಡು, ಗೆಡ್ಡೆ ಅಗೆಯುವ ಕಾಡುಹಂದಿ, ಚಪ್ಪರದ ಮೇಲೆ ಒಣಗಲು ಹರವಿದ ಅಡಿಕೆಗೂ ಕಣದ ಕಾಳುಮೆಣಸಿಗೂ ಹೊಂಚುಹಾಕುವ ಕಳ್ಳರು, ಕೊಟ್ಟಿಗೆಯ ಹತ್ತಿರ ಬರುವ ಹಾವು, ಇವುಗಳ ನಡುವೆ ಒಂಟಿಮನೆಯ ನಾಯಿ ಶೋಕಿಯ ಪ್ರಾಣಿಯಾಗಿರದೆ ಕೆಲಸದ ಆಳಾಗಿದೆ. ಬಹಳಷ್ಟು ಮನೆಗಳಲ್ಲಿ ಮಕ್ಕಳು ಓದಿಗೋ ನೌಕರಿಗೋ ಬೆಂಗಳೂರು ಸೇರಿ, ಉಳಿದಿರುವ ಇಬ್ಬರು ವೃದ್ಧರಿಗೆ ನಾಯಿಯ ಬೊಗಳುವಿಕೆಯೇ ರಾತ್ರಿಯ ಧೈರ್ಯವಾಗಿರುವುದನ್ನೂ ಮರೆಯುವಂತಿಲ್ಲ. ಇದಕ್ಕೆ ಬದಲಾಗಿ ದಿನವಿಡೀ ಕಟ್ಟಿಹಾಕಿರೆಂದು ಉಪದೇಶಿಸುವವರು ಕಾನೂನನ್ನಾದರೂ ಓದಿಕೊಳ್ಳಬೇಕಾಗುತ್ತದೆ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮು, ಯಾವುದೇ ಪ್ರಾಣಿಯನ್ನು ವಿವೇಚನೆಯಿಲ್ಲದಷ್ಟು ಗಿಡ್ಡ ಅಥವಾ ಭಾರದ ಸರಪಳಿಯಿಂದ ಅನುಚಿತ ಕಾಲದವರೆಗೆ ಕಟ್ಟಿಡುವುದನ್ನು ಅಪರಾಧವೆನ್ನುವುದರ ಜೊತೆಗೆ, ಯಾವಾಗಲೂ ಕಟ್ಟಿಯೋ ಕೂಡಿಯೋ ಇಟ್ಟಿರುವ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನು ಬೇರೆಯಾಗಿಯೇ ಹೆಸರಿಸಿದೆ. ಹಗಲಿಡೀ ಕಂಬಕ್ಕೆ ಬಿಗಿದ ನಾಯಿ ಕಾವಲಿಗೂ ಒದಗುವುದಿಲ್ಲ. ಬಂದವರನ್ನೆಲ್ಲ ಕಂಡು ಒಂದೇ ಸಮನೆ ಬೊಗಳುವ ಅದರ ಕೂಗನ್ನು ಮನೆಯವರು ಕ್ರಮೇಣ ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ.

ಸ್ವಂತ ಅಂಗಳದ ಇನ್ನೊಂದು ಮುಖವೆಂದರೆ ಅದು ಮಲೆನಾಡಿನಲ್ಲಿ ಸಾಮಾನ್ಯವಾಗಿ ಮತ್ತೊಬ್ಬರ ದಾರಿಯೂ ಆಗಿರುತ್ತದೆ. ಮೇಲಿನ ಮನೆಗೆ ಹೋಗುವ ಕಾಲುಹಾದಿ ಕೆಳಗಿನ ಮನೆಯ ಅಂಗಳದ ಅಂಚಿನಲ್ಲೇ ಹಾದುಹೋಗುತ್ತದೆ. ಶಾಲೆಯ ಮಕ್ಕಳು, ಅಂಚೆಯವರು, ಆಶಾ ಕಾರ್ಯಕರ್ತೆಯರು, ಕರೆಂಟಿನ ಮೀಟರ್ ನೋಡುವವರು, ಕೊನೆ ಕೊಯ್ಯಲು ಬರುವ ಕೊನೆಗೌಡರು, ಕೂಲಿಯ ಹೆಂಗಸರು ಎಲ್ಲರೂ ಅದೇ ಹಾದಿಯನ್ನು ಬಳಸುತ್ತಾರೆ. ಹಾಗೆ ಬಂದವರು ದಣಪೆಯ ಬಳಿ ನಿಂತು ಅಂಜುತ್ತಿರುವಾಗ ಜಗುಲಿಯಿಂದ ಕೇಳಿಬರುವ ‘ಕಚ್ಚೂದಿಲ್ಲ, ಬನ್ನಿ’ ಎಂಬ ಮಾತು ಪ್ರಾಮಾಣಿಕವಾದದ್ದೇ, ಏಕೆಂದರೆ ಆ ನಾಯಿ ಮನೆಯವರನ್ನು ಎಂದೂ ಕಚ್ಚಿರುವುದಿಲ್ಲ. ಆದರೆ ನಾಯಿಯ ವರ್ತನೆ ಎದುರಿಗಿರುವವರನ್ನು ಅವಲಂಬಿಸಿರುತ್ತದೆ: ಹೊಸಬರು, ಓಡುವ ಮಕ್ಕಳು, ತಲೆಯ ಮೇಲೆ ಹೊರೆ ಹೊತ್ತವರು, ಬೈಕಿನ ಸದ್ದು, ಮರಿ ಹಾಕಿರುವ ಕಾಲ, ಜೊತೆಗೆ ಇನ್ನೆರಡು ನಾಯಿಗಳಿರುವುದು, ಇವುಗಳಲ್ಲಿ ಯಾವುದಾದರೂ ಒಂದು ಸೇರಿಕೊಂಡರೆ ಸಾಧು ನಾಯಿಯೂ ಮೈಮೇಲೆ ಬರಬಹುದು. ಮನೆಗೆಲಸಕ್ಕೆ ಬರುವವರು ಈ ವಿಷಯದಲ್ಲಿ ದೂರು ಹೇಳುವುದು ಕಡಿಮೆ. ನಾಳೆಯೂ ಅದೇ ಮನೆಗೆ ಕೆಲಸಕ್ಕೆ ಬರಬೇಕಾದವರ ಆ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ದೊಡ್ಡತನವಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗುವ ಸಂಭವವಿದ್ದಾಗ ಅದನ್ನು ತಡೆಯಲು ಸಾಕಷ್ಟು ಕ್ರಮವನ್ನು ತಿಳಿದೋ ಅಲಕ್ಷ್ಯದಿಂದಲೋ ಕೈಗೊಳ್ಳದವರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಳೆಯ ದಂಡ ಸಂಹಿತೆಯ 289ನೆಯ ಕಲಮಿನಲ್ಲಿ ಇದೇ ಅಪರಾಧಕ್ಕೆ ದಂಡದ ಮಿತಿ 1,000 ರೂಪಾಯಿಯಷ್ಟಿತ್ತು. ಘಟನೆ ಯಾರ ಜಮೀನಿನಲ್ಲಿ ನಡೆಯಿತೆಂಬ ಭೇದವನ್ನು ಈ ಕಲಮು ಮಾಡುವುದಿಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಕಾನೂನಿಗಿಂತ ಗಂಭೀರವಾದದ್ದು ಹುಚ್ಚುನಾಯಿ ರೋಗ ಅಥವಾ ರೇಬೀಸ್. ಸೋಂಕಿತ ಪ್ರಾಣಿಯ ಜೊಲ್ಲಿನ ಮೂಲಕ ಗಾಯವನ್ನು ಸೇರಿ, ನರಗಳ ಗುಂಟ ಮಿದುಳಿನತ್ತ ಸಾಗುವ ಈ ವೈರಸ್ಸು ರೋಗಲಕ್ಷಣ ಕಾಣಿಸಿಕೊಳ್ಳಲು ಹಲವು ವಾರಗಳನ್ನೋ ತಿಂಗಳುಗಳನ್ನೋ ತೆಗೆದುಕೊಳ್ಳುತ್ತದೆ. ಲಕ್ಷಣ ಕಾಣಿಸಿದ ಮೇಲೆ ಬದುಕುವುದು ಬಹುಮಟ್ಟಿಗೆ ಅಸಾಧ್ಯ. ಲೂಯಿ ಪಾಶ್ಚರ್ 1885ರಲ್ಲಿ ಮನುಷ್ಯನಿಗೆ ಮೊದಲ ಬಾರಿ ಲಸಿಕೆ ನೀಡಿ ತೋರಿಸಿದ್ದು ಈ ನಡುವಣ ಅವಧಿಯನ್ನು ಬಳಸಿಕೊಳ್ಳಬಹುದೆಂಬುದನ್ನೇ. ಕಚ್ಚಿದ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು ಮೊದಲ ಚಿಕಿತ್ಸೆ. ಸುಣ್ಣ, ಅರಿಸಿನ, ಕಾಫಿಪುಡಿ ಮೆತ್ತುವುದು ಚಿಕಿತ್ಸೆಯಲ್ಲ. ಚರ್ಮ ಹರಿದು ರಕ್ತ ಬಂದಿರುವ ಗಾಯಕ್ಕೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ, ಸಿದ್ಧ ರೋಗನಿರೋಧಕ ಕಣಗಳ ಚುಚ್ಚುಮದ್ದನ್ನೂ ಗಾಯದ ಸುತ್ತ ಕೊಡಬೇಕಾಗುತ್ತದೆ, ಮತ್ತು ಒಂಟಿಮನೆಯಿಂದ ಅದು ಸಿಗುವ ಆಸ್ಪತ್ರೆ ದೂರವಿರುವುದೇ ಹೆಚ್ಚು. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸಬೇಕೆಂಬ ನಿಯಮಕ್ಕೂ ಕಾರಣವಿದೆ: ಲಕ್ಷಣ ತೋರುವ ಕೆಲವೇ ದಿನ ಮೊದಲಷ್ಟೇ ಜೊಲ್ಲಿನಲ್ಲಿ ವೈರಸ್ಸು ಕಾಣಿಸಿಕೊಳ್ಳತೊಡಗುವುದರಿಂದ, ಕಚ್ಚಿ ಹತ್ತು ದಿನ ಕಳೆದ ಮೇಲೂ ಆರೋಗ್ಯವಾಗಿರುವ ನಾಯಿಯಿಂದ ರೇಬೀಸ್ ಬಂದಿರುವುದಿಲ್ಲ. ಆದರೆ ಲಸಿಕೆಯನ್ನು ಆ ಹತ್ತು ದಿನಗಳಿಗಾಗಿ ಕಾಯಿಸದೆ ಅಂದೇ ಆರಂಭಿಸಬೇಕು. ರಾತ್ರಿ ಎಲ್ಲೆಲ್ಲೋ ಅಲೆದು, ಯಾವ ನಾಯಿಯೊಡನೆ ಕಚ್ಚಾಡಿತೆಂಬುದೇ ತಿಳಿಯದೆ, ಕಿವಿ ಹರಿದುಕೊಂಡು ಬಂದ ಮನೆನಾಯಿಯ ವಿಷಯದಲ್ಲಿ ಈ ಎಲ್ಲ ಲೆಕ್ಕಾಚಾರವೂ ಅನುಮಾನದ ಮೇಲೆ ನಿಲ್ಲುತ್ತದೆ. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಮರುಚುಚ್ಚುಮದ್ದು ಹಾಕಿಸುವುದು ಬಿಟ್ಟುಸಾಕುವವರ ಕನಿಷ್ಠ ಹೊಣೆ. ಪಾಶ್ಚರ್ ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬೀಸ್ ದಿನವೆಂದು ಆಚರಿಸುವ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕಾ ಶಿಬಿರಗಳೂ ನಡೆಯುತ್ತವೆ.

ಇಷ್ಟರವರೆಗೆ ಹೇಳಿದ್ದು ಬಯಲುಸೀಮೆಯ ಹಳ್ಳಿಗೂ ಅನ್ವಯಿಸೀತು. ಕಾಡಿನಂಚಿನ ಮನೆಗೆ ವಿಶೇಷವಾದ ಸಂಗತಿಯೆಂದರೆ ಚಿರತೆ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಗದ್ದೆಗಳ ನಡುವೆ, ಅಂದರೆ ಕಾಡೆಂಬುದೇ ಇಲ್ಲದ ಕಡೆ, ವಾಸಿಸುವ ಚಿರತೆಗಳ ಆಹಾರವನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿದಾಗ, ಅವು ತಿಂದ ಪ್ರಾಣಿಗಳ ಒಟ್ಟು ತೂಕದಲ್ಲಿ ನೂರಕ್ಕೆ 87 ಪಾಲು ಸಾಕುಪ್ರಾಣಿಗಳದೆಂದೂ, ನಾಯಿಗಳ ಪಾಲೇ ನೂರಕ್ಕೆ 39ರಷ್ಟೆಂದೂ ಕಂಡುಬಂದಿತು. ಮಲೆನಾಡಿನ ಪರಿಸ್ಥಿತಿ ಬೇರೆ, ಇಲ್ಲಿ ಕಾಡುಪ್ರಾಣಿಗಳಿವೆ. ಆದರೂ ಚಿರತೆಯ ಕಣ್ಣಿಗೆ ನಾಯಿ ಸುಲಭದ ಬೇಟೆಯೆಂಬುದನ್ನು ಒಂಟಿಮನೆಗಳವರಿಗೆ ಯಾವ ಅಧ್ಯಯನವೂ ಕಲಿಸಬೇಕಾಗಿಲ್ಲ. ಕಲಿಯಬೇಕಾಗಿರುವುದು ಅದರ ಮುಂದಿನ ಮಾತು: ಒಮ್ಮೆ ಅಂಗಳದಲ್ಲಿ ನಾಯಿ ಸಿಕ್ಕ ಚಿರತೆ ಅದೇ ಅಂಗಳಕ್ಕೆ ಮತ್ತೆ ಬರುವ ಸಾಧ್ಯತೆ ಹೆಚ್ಚು, ಮತ್ತು ಆ ಅಂಗಳದಲ್ಲಿ ಬೆಳಗಿನ ಜಾವ ಕೊಟ್ಟಿಗೆಗೆ ಹೋಗುವ ಹೆಂಗಸರೂ ಆಡುವ ಮಕ್ಕಳೂ ಇರುತ್ತಾರೆ. ನಾಯಿ ಹೋದ ಮರುವಾರವೇ ಇನ್ನೊಂದು ಮರಿ ತಂದು ಅದೇ ಜಾಗದಲ್ಲಿ ಬಿಡುವ ವಾಡಿಕೆ ಚಿರತೆಗೆ ಮೇವು ಒದಗಿಸುವ ವ್ಯವಸ್ಥೆಯೇ ಆಗಿಬಿಟ್ಟಿದೆ. ಇದಕ್ಕೆ ಹೆದರಿ ರಾತ್ರಿ ನಾಯಿಯನ್ನು ಹೊರಗೆ ಕಂಬಕ್ಕೆ ಕಟ್ಟುವುದು ಎಲ್ಲ ಆಯ್ಕೆಗಳಲ್ಲಿ ಅತ್ಯಂತ ಕೆಟ್ಟದ್ದು, ಏಕೆಂದರೆ ಬಿಟ್ಟ ನಾಯಿಗೆ ಓಡುವ ಅವಕಾಶವಾದರೂ ಇರುತ್ತದೆ.

ಕೊಡಗಿನ ಹಾಗೂ ಹಾಸನ ಜಿಲ್ಲೆಯ ಸಕಲೇಶಪುರ ಭಾಗದ ಕಾಫಿ ತೋಟಗಳಲ್ಲಿ ಆನೆಗಳ ಓಡಾಟ ದಿನನಿತ್ಯದ ಸಂಗತಿಯಾಗಿರುವುದರಿಂದ ಅಲ್ಲಿ ಬೇರೊಂದು ಅಪಾಯವೂ ಇದೆ. ಗಿಡಗಳ ಮರೆಯಲ್ಲಿ ನಿಂತ ಆನೆಯನ್ನೋ ಕರಡಿಯನ್ನೋ ಕಂಡು ಬೊಗಳುತ್ತ ಮುನ್ನುಗ್ಗುವ ನಾಯಿ, ಅದು ತಿರುಗಿಬಿದ್ದ ಕೂಡಲೇ ರಕ್ಷಣೆಗಾಗಿ ಓಡಿಬರುವುದು ಯಜಮಾನನ ಕಾಲಬುಡಕ್ಕೆ. ಕಾವಲಿಗೆಂದು ಕರೆದೊಯ್ದ ನಾಯಿ ಹೀಗೆ ಕಾಡುಪ್ರಾಣಿಯನ್ನು ಮನುಷ್ಯನ ಕಡೆಗೇ ತಿರುಗಿಸಿಬಿಡುತ್ತದೆ. ಕೆಲಸದಾಳುಗಳು ಬೆಳಿಗ್ಗೆ ತೋಟಕ್ಕೆ ಇಳಿಯುವಾಗ ಹಗ್ಗವಿಲ್ಲದ ನಾಯಿಯನ್ನು ಜೊತೆಗೆ ಬಿಡುವುದು ಸುರಕ್ಷಿತವೆಂಬ ನಂಬಿಕೆಯನ್ನು ಆನೆಯಿರುವ ಸೀಮೆಯಲ್ಲಂತೂ ಕೈಬಿಡಬೇಕು.

ಕಾಡಿಗೆ ಆಗುವ ನಷ್ಟದ ಬಗ್ಗೆ ತೋಟದ ಮನೆಗಳಲ್ಲಿ ಮಾತು ಕಡಿಮೆ. ಉಡ, ಕಾಡುಕೋಳಿ, ಮೊಲ, ಕಾಡುಕುರಿ, ಕಡವೆಯ ಮರಿ, ಇವು ನಾಯಿಯ ಬಾಯಿಗೆ ಸಿಕ್ಕಿದ್ದನ್ನು ಕೆಲವರು ನಾಯಿಯ ಶೌರ್ಯವೆಂದು ಹೇಳಿಕೊಳ್ಳುವುದೂ ಉಂಟು. ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ವನಕ್ ಮತ್ತು ಸಹೋದ್ಯೋಗಿಗಳು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಭಾರತದಲ್ಲಿ ನಾಯಿಗಳ ದಾಳಿಗೆ ತುತ್ತಾದ 80 ಬಗೆಯ ವನ್ಯಜೀವಿಗಳು ವರದಿಯಾಗಿದ್ದು, ಅವುಗಳಲ್ಲಿ 31 ಬಗೆಗಳು ಅಳಿವಿನ ಭೀತಿಯಲ್ಲಿರುವವುಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದವು. ಹೊಟ್ಟೆ ತುಂಬ ಹಾಕಿದರೆ ನಾಯಿ ಬೇಟೆಯಾಡುವುದಿಲ್ಲವೆಂಬ ತಿಳಿವಳಿಕೆ ಅರ್ಧ ಮಾತ್ರ ಸರಿ. ಬರಿಯ ಮಜ್ಜಿಗೆ ಅನ್ನದ ಮೇಲಿರುವ ನಾಯಿ ಹೊರಗೆ ಆಹಾರ ಹುಡುಕುವುದು ಸಹಜವಾದರೂ, ಬೆನ್ನಟ್ಟುವ ಪ್ರವೃತ್ತಿಗೂ ಹಸಿವಿಗೂ ನೇರ ಸಂಬಂಧವಿಲ್ಲ, ಮತ್ತು ಎರಡು ಮೂರು ನಾಯಿಗಳು ಕೂಡಿಕೊಂಡಾಗ ಆ ಪ್ರವೃತ್ತಿ ಇನ್ನಷ್ಟು ಚುರುಕಾಗುತ್ತದೆ.

ಕೊಲ್ಲದೆಯೂ ನಾಯಿ ಕಾಡಿಗೆ ಕೇಡು ತರಬಲ್ಲದು. ಕೆನೈನ್ ಡಿಸ್ಟೆಂಪರ್ ಎಂಬುದು ದಡಾರದ ವೈರಸ್ಸಿನ ಹತ್ತಿರದ ಸಂಬಂಧಿಯಾದ ವೈರಸ್ಸಿನಿಂದ ನಾಯಿಗಳಿಗೆ ಬರುವ ರೋಗ. ಜ್ವರ, ಕಣ್ಣು-ಮೂಗುಗಳಿಂದ ಸೋರಿಕೆ, ಆಮೇಲೆ ನಡುಕ ಮತ್ತು ಸೆಳೆತ ಇದರ ಲಕ್ಷಣಗಳು. ಆಫ್ರಿಕಾದ ಸೆರೆಂಗೆಟಿಯಲ್ಲಿ 1994ರಲ್ಲಿ ಇದೇ ರೋಗ ಹಬ್ಬಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸತ್ತಾಗ, ಸುತ್ತಲಿನ ಹಳ್ಳಿಗಳ ನಾಯಿಗಳೇ ಸೋಂಕಿನ ಮೂಲವೆಂದು ಸಂಶೋಧಕರು ನಿರ್ಣಯಿಸಿದರು. ಗುಜರಾತಿನ ಗಿರ್ ಅರಣ್ಯದಲ್ಲಿ 2018ರಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತ ಸಂದರ್ಭದಲ್ಲಿಯೂ ಇದೇ ವೈರಸ್ಸು ಪತ್ತೆಯಾಯಿತು. ಪಶ್ಚಿಮಘಟ್ಟದಲ್ಲಿ ಸಿಂಹಗಳಿಲ್ಲ, ಆದರೆ ನಾಯಿಯ ಬಳಗಕ್ಕೇ ಸೇರಿದ, ಅಳಿವಿನಂಚಿನಲ್ಲಿರುವ ಸೀಳುನಾಯಿಗಳಿವೆ. ಡಿಸ್ಟೆಂಪರ್ ವಿರುದ್ಧದ ಲಸಿಕೆ ಮರಿಗಳಿಗೆ ಆರೆಂಟು ವಾರದ ಹೊತ್ತಿಗೆ ಪಶುವೈದ್ಯರು ಹಾಕುವ ಕೂಡುಲಸಿಕೆಯಲ್ಲಿಯೇ ಸೇರಿರುತ್ತದೆ; ಪಟ್ಟಣದ ಜಾತಿನಾಯಿಗೆ ತಪ್ಪದೆ ಹಾಕಿಸುವ ಇದನ್ನು ತೋಟದ ನಾಟಿನಾಯಿಗೆ ಯಾರೂ ಹಾಕಿಸುವುದಿಲ್ಲ.

ನಾಯಿಯ ಹಿತದ ದೃಷ್ಟಿಯಿಂದ ನೋಡಿದರೂ ಲೆಕ್ಕ ಬೇರೆಯಾಗುವುದಿಲ್ಲ. ಕಾಡುಹಂದಿಗೆಂದು ಬೇಲಿಸಾಲಿನಲ್ಲಿ ಒಡ್ಡಿದ ಉರುಳು, ಉಂಡೆಯೊಳಗೆ ಅಡಗಿಸಿಟ್ಟ ಸಿಡಿಮದ್ದು, ಅಕ್ರಮವಾಗಿ ಕರೆಂಟು ಹಾಯಿಸಿದ ತಂತಿ, ಮುಳ್ಳುಹಂದಿಯ ಮುಳ್ಳು, ಘಟ್ಟದ ರಸ್ತೆಯ ಲಾರಿ, ಇವುಗಳಲ್ಲಿ ಯಾವುದೂ ಪಹಣಿಯ ಗಡಿಯೊಳಗೆ ಮಾತ್ರ ಇರುವುದಿಲ್ಲ. ನಾಯಿ ಎರಡು ದಿನ ಕಾಣದಿದ್ದಾಗ ‘ಎಲ್ಲೋ ಹೋಗಿದೆ, ಬರುತ್ತದೆ’ ಎನ್ನುವ ಮಾತಿನ ಹಿಂದೆ ಇವೆಲ್ಲವೂ ಇವೆ.

ಇನ್ನು ಮಾಡಬಹುದಾದ ಕೆಲಸ. ನಾಲ್ಕು ಎಕರೆ ತೋಟಕ್ಕೆ ತಂತಿಬೇಲಿ ಹಾಕಿಸುವುದು ಬಹುತೇಕ ಕುಟುಂಬಗಳ ಶಕ್ತಿಗೆ ಮೀರಿದ್ದು, ಅದರ ಅಗತ್ಯವೂ ಇಲ್ಲ; ಹಾಗೆ ಸುತ್ತಲೂ ಬಿಗಿದ ಬೇಲಿ ಇತರ ಪ್ರಾಣಿಗಳ ಓಡಾಟಕ್ಕೆ ಅಡ್ಡಿಯಾಗುತ್ತದೆ. ಮನೆಯ ಹಿಂದಿನ ಬಚ್ಚಲ ಕಡೆಯಲ್ಲೋ ಕೊಟ್ಟಿಗೆಗೆ ಹೊಂದಿಕೊಂಡೋ ಒಂದಿಷ್ಟು ಜಾಗಕ್ಕೆ ಆಳೆತ್ತರದ ಜಾಲರಿ ಹಾಕಿ, ಬುಡದಲ್ಲಿ ನಾಯಿ ತೋಡದಂತೆ ಕಲ್ಲು ಜೋಡಿಸಿದರೆ ಹಗಲಿಗೆ ಸಾಕಾಗುತ್ತದೆ. ಅದೂ ಆಗದಿದ್ದರೆ, ಎರಡು ಕಂಬಗಳ ನಡುವೆ ಬಿಗಿಯಾಗಿ ತಂತಿ ಎಳೆದು, ಅದರ ಮೇಲೆ ಜಾರುವ ಬಳೆಗೆ ನಾಯಿಯ ಹಗ್ಗವನ್ನು ಕಟ್ಟುವ ಏರ್ಪಾಡು ಒಂದೇ ಗೂಟಕ್ಕೆ ಕಟ್ಟುವುದಕ್ಕಿಂತ ಎಷ್ಟೋ ಮೇಲು. ಹಗ್ಗ ಸುತ್ತಿಕೊಳ್ಳುವಂಥ ಮರವಾಗಲಿ, ಹಾರಿದರೆ ನೇತಾಡುವಂಥ ಕಟ್ಟೆಯಾಗಲಿ ಅದರ ಅಳತೆಯೊಳಗೆ ಇರಬಾರದು, ನೀರೂ ನೆರಳೂ ಇರಬೇಕು. ರಾತ್ರಿಗಂತೂ ಗಟ್ಟಿಯಾದ ಬಾಗಿಲಿರುವ ಗೂಡೋ ಮನೆಯೊಳಗಿನ ಒಂದು ಮೂಲೆಯೋ ಬೇಕೇಬೇಕು. ಒಳಗಿರುವ ನಾಯಿ ಬೊಗಳುವುದನ್ನೇನೂ ಬಿಡುವುದಿಲ್ಲ. ಕಳ್ಳನಿಗೂ ಮನೆಯವರಿಗೂ ಕೇಳಿಸಬೇಕಾದದ್ದು ಆ ಕೂಗು ಮಾತ್ರ.

ಮಂಗ ಓಡಿಸುವ ಕೆಲಸಕ್ಕೆ ನಾಯಿಯನ್ನು ಬಿಡಬೇಕಾದ ಹೊತ್ತಿನಲ್ಲಿ ಮನೆಯವರೂ ತೋಟದಲ್ಲಿರಬೇಕು, ಮತ್ತು ಕರೆದರೆ ಬರುವ ಪಾಠ ಮರಿಯಾಗಿದ್ದಾಗಲೇ ಆಗಿರಬೇಕು. ಈ ಪಾಠದ ತತ್ತ್ವ ಸರಳ: ಕರೆದಾಗ ಬಂದ ಪ್ರತಿಸಲವೂ ನಾಯಿಗೆ ಏನಾದರೂ ಒಳ್ಳೆಯದು ಸಿಗಬೇಕು, ತಡವಾಗಿ ಬಂದಿತೆಂದು ಹೊಡೆಯಬಾರದು, ಏಕೆಂದರೆ ಹೊಡೆತ ತಿಂದ ನಾಯಿಗೆ ಅರ್ಥವಾಗುವುದು ತಡವಾದದ್ದು ತಪ್ಪೆಂದಲ್ಲ, ಹತ್ತಿರ ಬಂದದ್ದೇ ತಪ್ಪೆಂದು. ಆರಂಭದಲ್ಲಿ ಇಪ್ಪತ್ತು ಮೂವತ್ತು ಅಡಿಯ ಹಗುರ ಹಗ್ಗ ಕಟ್ಟಿ ಅಭ್ಯಾಸ ಮಾಡಿಸಿದರೆ ಬಿಟ್ಟ ಮೇಲೂ ಅದು ನಿಲ್ಲುತ್ತದೆ. ನೆಲದಡಿ ತಂತಿ ಹೂತು, ನಾಯಿ ಅದನ್ನು ದಾಟುವಾಗ ಕೊರಳಪಟ್ಟಿಯಿಂದ ಶಾಕ್ ಕೊಡುವ ವಿದೇಶಿ ಉಪಕರಣಗಳು ಈಗ ಭಾರತದಲ್ಲಿಯೂ ಮಾರಾಟಕ್ಕಿವೆ. ವೇಲ್ಸ್ ದೇಶ 2010ರಲ್ಲಿಯೇ ಶಾಕ್ ಕೊಡುವ ಕೊರಳಪಟ್ಟಿಗಳನ್ನು ನಿಷೇಧಿಸಿತೆಂಬುದು ಒಂದು ಮಾತಾದರೆ, ಅಂಥ ಕಾಣದ ಬೇಲಿ ಒಳಬರುವ ಚಿರತೆಯನ್ನು ತಡೆಯುವುದಿಲ್ಲ, ಬೆನ್ನಟ್ಟುವ ಆವೇಶದಲ್ಲಿ ದಾಟಿಹೋದ ನಾಯಿಯನ್ನು ಮರಳಿ ಬಾರದಂತೆ ತಡೆಯುತ್ತದೆಂಬುದು ಇನ್ನೊಂದು.

ಸಂತಾನಹರಣ ಚಿಕಿತ್ಸೆಯ ಬಗ್ಗೆ ಹಿಂಜರಿಕೆ ಹೆಚ್ಚು. ಗಂಡುನಾಯಿಯ ಕಾವಲು ಗುಣ ಹೋಗುತ್ತದೆಂಬ ಭಯ ಅದರ ಮುಖ್ಯ ಕಾರಣ. ನಿಜದಲ್ಲಿ ಕಡಿಮೆಯಾಗುವುದು ಬೆದೆಗೆ ಬಂದ ಹೆಣ್ಣಿನ ವಾಸನೆ ಹಿಡಿದು ಮೈಲಿಗಟ್ಟಲೆ ಅಲೆಯುವ, ದಾರಿಯಲ್ಲಿ ಕಾದಾಡುವ ಚಾಳಿ. ಹೆಣ್ಣುಮರಿಗಳನ್ನು ಚೀಲಕ್ಕೆ ತುಂಬಿ ದೂರದ ಪೇಟೆಯ ಸಂತೆಮಾಳದಲ್ಲಿ ಬಿಟ್ಟುಬರುವ ಪದ್ಧತಿಯನ್ನು ಇಲ್ಲಿ ಹೆಸರಿಸದೆ ಮುಂದೆ ಹೋಗುವುದು ಅಪ್ರಾಮಾಣಿಕತೆಯಾದೀತು. ಪೇಟೆಯವರು ದೂರುವ ಬೀದಿನಾಯಿಗಳಲ್ಲಿ ಒಂದು ಪಾಲು ಹೀಗೆಯೇ ಹುಟ್ಟುತ್ತದೆ.

ಇವುಗಳಲ್ಲಿ ಯಾವುದನ್ನೇ ಆದರೂ ಒಂದೇ ಮನೆಯವರು ಮಾಡಿದರೆ ಫಲ ಅರ್ಧ ಮಾತ್ರ, ಏಕೆಂದರೆ ರಾತ್ರಿ ಬಿಟ್ಟಿರುವ ನೆರೆಮನೆಯ ನಾಯಿ ಅಂಗಳಕ್ಕೆ ಬಂದರೆ ಕೂಡಿಟ್ಟ ನಾಯಿಯೂ ಬೆಳಗಿನವರೆಗೆ ಗೋಗರೆಯುತ್ತದೆ, ಕೊನೆಗೆ ಬೇಸತ್ತು ಬಾಗಿಲು ತೆರೆಯುವವರೇ ಹೆಚ್ಚು. ಒಂದೇ ಕಾಲುಹಾದಿಯ ಮೇಲಿರುವ ನಾಲ್ಕಾರು ಮನೆಗಳು ಕೂಡಿ, ಕತ್ತಲಾದ ಮೇಲೆ ಮತ್ತು ಶಾಲೆಗೆ ಮಕ್ಕಳು ಹೋಗಿಬರುವ ಹೊತ್ತಿನಲ್ಲಿ ನಾಯಿಗಳನ್ನು ಒಳಗಿಡುವುದೆಂದು ಮಾತಾಡಿಕೊಳ್ಳುವುದಕ್ಕೆ ಪಂಚಾಯಿತಿಯ ನಿರ್ಣಯವಾಗಲಿ ಇಲಾಖೆಯ ಸುತ್ತೋಲೆಯಾಗಲಿ ಬೇಕಿಲ್ಲ. ಗ್ರಾಮಸಭೆಯಲ್ಲಿ ಕೇಳಬೇಕಾದದ್ದು ಬೇರೆ ಇದೆ: ವರ್ಷಕ್ಕೊಮ್ಮೆ ಪಶುವೈದ್ಯರು ಲಸಿಕೆಯ ಪೆಟ್ಟಿಗೆಯೊಡನೆ ಹಳ್ಳಿಗೇ ಬರಬೇಕೆಂಬ ಬೇಡಿಕೆ, ಏಕೆಂದರೆ ಕೊರಳಿಗೆ ಹಗ್ಗ ಕಂಡೇ ಅರಿಯದ ನಾಯಿಯನ್ನು ಹದಿನೈದು ಇಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಕರೆದೊಯ್ಯುವುದು ಯಾರಿಂದಲೂ ಆಗುವ ಕೆಲಸವಲ್ಲ. ಈ ವರ್ಷದ ಕೊನೆಕೊಯ್ಲಿಗೆ ಹೊರಗಿನ ಆಳುಗಳು ಬರತೊಡಗುವ ಮುಂಚೆ ಆ ಎರಡೂ ಮಾತುಗಳು ಆಗಲೆಂದು ಈ ಪತ್ರವು ಕೋರುತ್ತದೆ.